ಗೊಂಬೆಗಳಿಗೆ ಮಾತು ಕೊಟ್ಟ ಕಾಕು

ಮೊನ್ನೆ ನನ್ನ ತಮ್ಮ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ. ಕೆಳಗೆ, "ಅಕ್ಕಾ, ನೋಡಿಲ್ಲಿ, ನಮ್ಮ ಸಣ್ಣಂದಿನ ಗೊಂಬಿ!" ಎಂದು ಒಂದು ಸಾಲು. ತೊಂಬತ್ತರ ದಶಕದಲ್ಲಿ ಭಾನುವಾರ ಸಂಜೆ ಟೀವಿಯಲ್ಲಿ ಬರುತ್ತಿದ್ದ ಬಟ್ಟೆ ಗೊಂಬೆಗಳ ಕಾರ್ಯಕ್ರಮ ಅದು. ಯಾರೋ ಪುಣ್ಯಾತ್ಮರು ಎಲ್ಲಿಂದಲೋ ಹುಡುಕಿ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ನಮ್ಮ ವಯಸ್ಸಿನವರೆಲ್ಲ ಅದನ್ನು ನೋಡಿ ಬಾಲ್ಯ ನೆನೆದು ಕಣ್ಣೀರು ಹಾಕುತ್ತಿದ್ದಾರಂತೆ. ನಾನೂ ನಾಲ್ಕು ಹನಿ ಹಾಕೋಣವೆಂದು ಒಲೆ ಆರಿಸಿ ಬಂದು ಕೂತೆ. ಕಣ್ಣೀರು ಬರಲಿಲ್ಲ, ಸಿಟ್ಟು ಬಂತು.

ಮೊದಲಿಗೆ, ಗೊಂಬೆಗಳ ಹಿರಿಯ ಮೀಸೆ ಮಾಮಾನ ಮೀಸೆ ಕೆಂಪಗಿತ್ತು! ನಾವು ನೋಡಿದ ಕಪ್ಪು-ಬಿಳುಪು ಟೀವಿಯಲ್ಲಿ ಅದು ಕರ್ರಗೆ, ಫೌಜುದಾರರ ಮೀಸೆಯ ಹಾಗಿತ್ತು. ಹೋಗಲಿ ಎಂದರೆ ಬಾಯಿ ತೆರೆದರೆ ಹಿಂದಿ. ಅದೂ ಬೆಣ್ಣೆ ಸವರಿದಂಥ ಹಿಂದಿ. ಮಕ್ಕಳೇ ಊಟಕ್ಕೆ ಮುಂಚೆ ಕೈ ತೊಳೆಯಿರಿ, ಸತ್ಯ ಹೇಳಿರಿ, ರಸ್ತೆಯ ಎಡಬದಿಯಲ್ಲಿ ನಡೆಯಿರಿ. ಥೂ! ನಮ್ಮ ಮೀಸೆ ಮಾಮಾ ಹೀಗೆ ಮಾತಾಡುವವನೇ ಅಲ್ಲ. ಅವನು ನಮ್ಮೂರು ಕಲ್ಲೋಳಿಯ ಅಪ್ಪಟ ಕನ್ನಡದಲ್ಲಿ, "ಏ ಸುಂಬಳಬುರುಕಾ, ಮೊದಲ ಮೂಗು ಒರಿಸ್ಕೊ, ಆಮ್ಯಾಲೆ ಟೀವಿ ನೋಡಾಕ ಕುಂಡ್ರು" ಎಂದು ಗದರುತ್ತಿದ್ದ. ಅವನ ಜೊತೆಗಿದ್ದ ಕತ್ತೆಗೆ ಧಿಮಾಕು ಜಾಸ್ತಿ. ಬೊಚ್ಚುಬಾಯಿ ಅಜ್ಜಿಗೆ ನಮ್ಮೂರಿನ ಒಂದೊಂದು ಮನೆಯ ಸುದ್ದಿಯೂ ಗೊತ್ತಿತ್ತು. ವಿಡಿಯೋದಲ್ಲಿ ನೋಡಿದರೆ ಆ ಅಜ್ಜಿ ಯಾವುದೋ ದೇಶದ ಮಹಾರಾಣಿಯಂತೆ!

ಇವು ನಮ್ಮ ಗೊಂಬೆಗಳಲ್ಲ ಎಂದು ತಮ್ಮನಿಗೆ ಬೈದು ಉತ್ತರ ಹಾಕಿದೆ. ನಮ್ಮ ಗೊಂಬೆಗಳ ದನಿ ದಿಲ್ಲಿಯಿಂದ ಬರುತ್ತಿರಲಿಲ್ಲ. ಪಕ್ಕದ ಮನೆಯ ಕಾಕುನ ಗಂಟಲಿನಿಂದ ಬರುತ್ತಿತ್ತು.

ಕಲ್ಲೋಳಿಯಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿ ಒಂದು ಜೈನರ ಮನೆ. ಕಾಕು ಆ ಮನೆಗೆ ಮರಾಠಿ ಸೀಮೆಯಿಂದ ಸೊಸೆಯಾಗಿ ಬಂದವಳು. ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ. ಲಿಂಗಾಯತರ ಮಕ್ಕಳು, ಜೈನರ ಮಕ್ಕಳು ಎನ್ನದೆ ಓಣಿಯ ಮಕ್ಕಳಿಗೆಲ್ಲ ಆಕೆ ಕಾಕುನೇ. ಗಿಡ್ಡ ಆಳು, ದುಂಡು ಮುಖ, ನಗು ಬಂದರೆ ಹೊಟ್ಟೆ ಹಿಡಿದುಕೊಂಡು ಕೆಳಗೆ ಕೂತೇ ಬಿಡುವಳು. ನೀರಿಗೆ ಹೋದಲ್ಲಿ ಯಾರ ನಡಿಗೆಯನ್ನಾದರೂ, ಯಾರ ಕೆಮ್ಮನ್ನಾದರೂ ಮಾಡಿ ತೋರಿಸುವಳು. ಹೆಂಗಸರು ನಕ್ಕು ನಕ್ಕು ಕೊಡ ಚೆಲ್ಲಿಕೊಳ್ಳುತ್ತಿದ್ದರು. ಆಕೆಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ ನಮ್ಮ ಹಿಂಡನ್ನು ತೋರಿಸಿ, "ಇಷ್ಟು ಮಂದಿ ಕುಂತಾವಲ್ಲ, ಕಣ್ಣ ಕಾಣಸೂದಿಲ್ಲೇನು?" ಎನ್ನುವಳು. ಮದುವೆಗೆ ಮುಂಚೆ ಬಾಲವಾಡಿಯ ಸಣ್ಣ ಮಕ್ಕಳಿಗೆ ಕಲಿಸುವ ಟ್ರೇನಿಂಗ್ ಮುಗಿಸಿ ಬಂದಿದ್ದಳು. ಆ ಕೆಲಸಕ್ಕೆ ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ, ರೊಟ್ಟಿ ಬಡಿಯುವಾಗಲೂ ಹಿಟ್ಟಿನಲ್ಲಿ ಗುಬ್ಬಿ, ಆನೆ ಮಾಡಿ ನಮ್ಮ ಮುಂದೆ ಕುಣಿಸುತ್ತಿದ್ದಳು.

ಇಷ್ಟೆಲ್ಲ ಮಾತಿನ ಮಲ್ಲಿ ಮಾವನ ಕೆಮ್ಮು ಕೇಳಿದರೆ ಸಾಕು, ಸೆರಗು ತಲೆಯ ಮೇಲೆ, ಬಾಯಿಗೆ ಬೀಗ. ಆ ಮನೆಯಲ್ಲಿ ಸೊಸೆ ಮಾವನ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಮಾವನೂ ಸೊಸೆಗೆ ನೇರವಾಗಿ ಏನೂ ಹೇಳುವಂತಿಲ್ಲ. ನಾವು ಅಜ್ಜ ಎಂದು ಕರೆಯುತ್ತಿದ್ದ ಆ ಮಾವ ಪಡಸಾಲೆಯ ಹೊರಗಿನ ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕೂತು ಗೋಡೆಗೆ ಹೇಳುತ್ತಿದ್ದರು: "ಪಲ್ಲೆಕ ಉಪ್ಪು ಕಡಿಮಿ ಆಗೇತಿ ಅಂತ ಹೇಳ್ರಿ." ಯಾರಿಗೆ ಹೇಳಬೇಕು, ಹೇಳುವವರು ಯಾರು, ಅದೆಲ್ಲ ಗೋಡೆಗೇ ಗೊತ್ತು. ಒಳಗಿನಿಂದ ಬಳೆಯ ಸದ್ದು ಬಂದರೆ ಕೇಳಿಸಿತು ಎಂದರ್ಥ. ದಿನಾ ಉಪ್ಪು ಕಡಿಮೆ. ಕಾಕು ಹೆಚ್ಚಿಗೆ ಹಾಕಿದ ದಿನವೂ ಕಡಿಮೆ. ಆಕೆಯ ಗಂಡ ಹುಕ್ಕೇರಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ. ಎಂಟು ದಿನಕ್ಕೊಮ್ಮೆ ಬರುವವನು, ಬಂದವನು ಅಪ್ಪನಿಗೂ ಹೂಂ, ಹೆಂಡತಿಗೂ ಹೂಂ ಎಂದು ಹೋಗುವವನು.

ಟೀವಿ ಬಂದದ್ದು ಅವನಿಂದಲೇ. ಎರಡು ಮರದ ಬಾಗಿಲು ಸರಿಸಿ ತೆಗೆಯುವ ದೊಡ್ಡ ಡಬ್ಬಿ. ಓಣಿಗೆಲ್ಲ ಅದೊಂದೇ. ಭಾನುವಾರ ಸಂಜೆ ಐದೂವರೆಗೆ ಗೊಂಬೆ ಶುರುವಾದರೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಿಂದಿ ನಮಗೊಂದು ಅಕ್ಷರ ತಿಳಿಯುತ್ತಿರಲಿಲ್ಲ, ಆದರೂ ಬಾಯಿ ತೆರೆದು ನೋಡುತ್ತಿದ್ದೆವು. ಹೀಗಿರುವಾಗ ಒಂದು ದಿನ ಟೀವಿಯ ದನಿ ಹೋಯಿತು. ಗೋಕಾಕದಿಂದ ರಿಪೇರಿಯವನು ಬಂದ. ಹಿಂದಿನ ಮುಚ್ಚಳ ಬಿಚ್ಚಿದವನು ಹಿಂದಕ್ಕೆ ಜಿಗಿದ. ಒಳಗೆ ಇಲಿ ಸ್ಪೀಕರಿನ ಕಾಗದವನ್ನೆಲ್ಲ ಕಡಿದು ಹಾಸಿಗೆ ಮಾಡಿಕೊಂಡು ಮರಿ ಹಾಕಿತ್ತು. ಅವನು ಮರಿಗಳನ್ನು ಹೊರಗೆ ಒಗೆಯಲು ಕೈ ಹಾಕಿದನೋ ಇಲ್ಲವೋ, ಅಜ್ಜ ಕಟ್ಟೆಯಿಂದ ಗುಡುಗಿದರು.

"ಏಯ್, ಮುಟ್ಟಬ್ಯಾಡ! ಇನ್ನೂ ಕಣ್ಣ ತಗದಿಲ್ಲ ಅವು."

"ಅಜ್ಜಾರ, ಸ್ಪೀಕರ್ ತಿಂದ ಹಾಕ್ಯಾವ್ರಿ."

"ತಿನ್ಲಿ. ಬಾಣಂತಿನ್ನ ಮನಿ ಬಿಡಸ್ತಿ ಏನು? ಮುಚ್ಚು ಅದನ್ನ."

ಜೈನರ ಮನೆಯಲ್ಲಿ ಜೀವಹಿಂಸೆಯ ಮಾತೇ ಇಲ್ಲ, ಅದು ಸರಿ. ಆದರೆ ಇಲಿಯ ಬಾಣಂತನ ಮುಗಿಯುವ ತನಕ ಟೀವಿ ಹಚ್ಚಬಾರದೆಂದು ಅಪ್ಪಣೆಯಾದದ್ದು ನಮ್ಮೂರಿನಲ್ಲಿ ಮಾತ್ರ ಎಂದು ಕಾಣುತ್ತದೆ. ನಾವು ಶಾಲೆ ಬಿಟ್ಟ ಕೂಡಲೇ ಬಂದು ಟೀವಿಗೆ ಕಿವಿ ಹಚ್ಚಿ, "ಅಜ್ಜಾ, ಕಣ್ಣ ತಗದಾವೇನ್ರಿ?" ಎಂದು ಪೀಡಿಸುತ್ತಿದ್ದೆವು. ಕೊನೆಗೊಮ್ಮೆ ಇಲಿ ಸಂಸಾರ ಸಮೇತ ಹೊರಟಿತು. ಟೀವಿ ಹಚ್ಚಿದರೆ ಚಿತ್ರ ಬಂತು, ದನಿ ಇಲ್ಲ. ರಿಪೇರಿಯವನು ಮುನಿಸಿಕೊಂಡು ಮತ್ತೆ ಬರಲಿಲ್ಲ. ಮೂಕ ಟೀವಿ ಯಾರಿಗೆ ಬೇಕು, ಗೋಕಾಕಕ್ಕೆ ಒಯ್ದು ಮಾರಿಬಿಡಿ ಎಂದು ಓಣಿಯ ಹಿರಿಯರು ತೀರ್ಮಾನ ಕೊಟ್ಟರು. ನಾವೆಲ್ಲ ಸಾಮೂಹಿಕವಾಗಿ ಅಳಲು ತಯಾರಾದೆವು.

ಆಗ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಟೀವಿಯ ಬಾಜೂಗೆ ಕೂತಳು. "ಅಳಬ್ಯಾಡ್ರಿ, ಗೊಂಬಿ ಏನಂತಾವ ನಾ ಹೇಳ್ತೇನಿ. ನನಗ ಹಿಂದಿ ಬರ್ತೈತಿ" ಎಂದಳು.

ಬರುವ ಹಿಂದಿಯೂ ಅಷ್ಟರಲ್ಲೇ ಇತ್ತು. ಬಂದರೂ ದನಿಯೇ ಇಲ್ಲದ ಟೀವಿಯಲ್ಲಿ ಹಿಂದಿ ಕೇಳುವುದು ಹೇಗೆ? ಅದನ್ನು ನಾವ್ಯಾರೂ ಕೇಳಲಿಲ್ಲ. ಗೊಂಬೆಯ ಬಾಯಿ ಅಲ್ಲಾಡಿತು, ಕಾಕುನ ಗಂಟಲಿನಿಂದ ಗಡಸು ದನಿ ಬಂತು: "ಏನ್ರೋ, ಇಲಿ ಬಾಣಂತಿ ಅರಾಮ ಅದಾಳೇನು?" ಅಷ್ಟೇ! ಪಡಸಾಲೆ ಹಾರಿಹೋಗುವಷ್ಟು ನಗು. ನಮ್ಮೂರ ಇಲಿಯ ಸುದ್ದಿ ದಿಲ್ಲಿಯ ಗೊಂಬೆಗೆ ಮುಟ್ಟಿದೆ!

ಆಮೇಲೆ ಗೊಂಬೆಗಳಿಗೆ ತಿಳಿಯದ ಗುಟ್ಟೇ ಉಳಿಯಲಿಲ್ಲ. ಈ ವಿಡಿಯೋ ಕಳಿಸಿದ ನನ್ನ ತಮ್ಮನ ಕಥೆಯನ್ನೇ ಕೇಳಿ. ಮೆಂತ್ಯೆ ಪಲ್ಯ ಕಂಡರೆ ಅವನಿಗಾಗದು. ತಾಟಿನಲ್ಲಿದ್ದದ್ದನ್ನು ಮುಷ್ಟಿಯಲ್ಲಿ ಹಿಡಿದು ಟ್ರಂಕಿನ ಹಿಂದೆ ಎಸೆದು ಬರುತ್ತಿದ್ದ. ಒಂದು ಭಾನುವಾರ ಕತ್ತೆ ಮೂಗು ಮೇಲೆತ್ತಿ, "ಕಲ್ಲೋಳ್ಯಾಗ ಒಂದು ಟ್ರಂಕು ಐತಿ. ಅದು ದಿನಾ ಮೆಂತೆ ಪಲ್ಲೆ ತಿಂದು ದಪ್ಪ ಆಗಾಕತ್ತೈತಿ. ಅದರ ಮಾಲಕ ಇಲ್ಲೇ ಮುಂದಿನ ಸಾಲಿನ್ಯಾಗ ಕುಂತಾನ" ಎಂದಿತು. ತಮ್ಮನ ಮುಖ ಸುಣ್ಣದ ಗೋಡೆಯಾಯಿತು. ಆ ವಾರವಿಡೀ ಕೇಳಿ ಕೇಳಿ ಮೆಂತ್ಯೆ ತಿಂದ. ನಮ್ಮವ್ವ ನಲ್ಲಿಯ ಹತ್ತಿರ ಕಾಕುನ ಕಿವಿಯಲ್ಲಿ ಊದಿದ್ದಳೆಂದು ಅವನಿಗೆ ತಿಳಿದದ್ದು ಅವನ ಮದುವೆಯ ಮಾತುಕತೆಯ ದಿನ. ಓಣಿಯ ತಾಯಂದಿರೆಲ್ಲ ಶನಿವಾರ ಸಾಲುಗಟ್ಟಿ ಬಂದು, "ನಮ್ಮಾಂವ ತಲಿಗೆ ಎಣ್ಣಿ ಹಚ್ಚಿಸ್ಕೊಳ್ಳವಲ್ಲ, ನಾಳಿ ಸ್ವಲ್ಪ ಗೊಂಬಿ ಕಡಿಂದ ಹೇಳಸ್ರಿ" ಎಂದು ಅರ್ಜಿ ಕೊಡುತ್ತಿದ್ದರು.

ಒಮ್ಮೆ ಬೊಚ್ಚುಬಾಯಿ ಅಜ್ಜಿ, "ನಮ್ಮೂರ ಹಾಲಿನ್ಯಾಗ ಮೀನ ಬಿಟ್ರ ಬದುಕತಾವ" ಎಂದುಬಿಟ್ಟಳು. ಹಾಲು ಹಾಕುವವನ ಮಗಳು ಅಲ್ಲೇ ಕೂತಿದ್ದಳು. ಮರುದಿನ ಬೆಳಗಾಗುವುದರೊಳಗೆ ಅವನು ಜಗಳಕ್ಕೆ ಬಂದು ನಿಂತ. ಅಜ್ಜ ಜಪಮಾಲೆ ನಿಲ್ಲಿಸಲಿಲ್ಲ.

"ಯಾರ ಅಂದಾರಪ್ಪ?"

"ನಿಮ್ಮ ಟೀವ್ಯಾಗಿನ ಗೊಂಬಿ ಅಂದೈತ್ರಿ!"

"ಮತ್ತ ಗೊಂಬಿಗೆ ಕೇಳು. ನಮ್ಮ ಮನಿ ಸೊಸಿ ನನ್ನ ಮುಂದ ಬಾಯಿ ತಗಿಯಂಗಿಲ್ಲ. ಊರಿಗೆಲ್ಲ ಗೊತ್ತೈತಿ."

ಹಾಲಿನವನು ಟೀವಿಯನ್ನೂ ಅಜ್ಜನನ್ನೂ ಬದಲಿಸಿ ಬದಲಿಸಿ ನೋಡಿ ಹೋದ. ಅವತ್ತಿನಿಂದ ಹಾಲು ಗಟ್ಟಿಯಾಯಿತು. ಅಜ್ಜ ಮಾತ್ರ ಗೋಡೆಯ ಕಡೆ ತಿರುಗಿ ಬಾಯಿ ಒರೆಸಿಕೊಂಡಂತೆ ಮಾಡಿದರು. ನಗು ಒರೆಸಿಕೊಂಡರೆಂದು ಈಗ ನನಗೆ ಅನಿಸುತ್ತದೆ.

ಅಜ್ಜನಿಗೂ ಗೊಂಬೆಗಳಿಗೂ ಮಾತುಕತೆ ಶುರುವಾದದ್ದು ಊಟದಿಂದ. ಜೈನರ ಪದ್ಧತಿಯಂತೆ ಆ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಮುಳುಗಿದ ಮೇಲೆ ಅಜ್ಜ ತುತ್ತು ಮುಟ್ಟುವವರಲ್ಲ. ಚಳಿಗಾಲದಲ್ಲಿ ಗೊಂಬೆಯ ಹೊತ್ತೂ ಊಟದ ಹೊತ್ತೂ ಒಂದೇ ಆಯಿತು. ಅಜ್ಜ ಗೋಡೆಗೆ, "ಹೊತ್ತು ಮುಳಗಾಕತ್ತೈತಿ ಅಂತ ಹೇಳ್ರಿ" ಎಂದರು. ಕಾಕು ಏಳಲಿಲ್ಲ. ಮೀಸೆ ಮಾಮಾ ಪರದೆಯ ಮೇಲೆ ಕೈ ಬೀಸುತ್ತಿದ್ದ. ಅವನೇ ಹೇಳಿದ: "ಅಡಗಿ ಆಗೇತಿ. ತಾಟು ಹಾಕೇತಿ. ಬಂದು ಕುಂತ್ರ ಆತು, ಸೂರ್ಯನ್ನ ನಾ ಹಿಡಕೊಂಡ ನಿಂತೇನಿ!"

ಮಾವನಿಗೆ ಇಷ್ಟು ದೊಡ್ಡ ದನಿಯಲ್ಲಿ ಉತ್ತರ! ಅಜ್ಜ ಎದ್ದು ಬಂದರು, ಕೂತರು, ಉಂಡರು, ಕೈ ತೊಳೆದರು. ಆಮೇಲೆ ಟೀವಿಯ ಕಡೆ ನೋಡಿ, "ಪಲ್ಲೆಕ ಉಪ್ಪು ಕಡಿಮಿ ಐತಿ ಅಂತ ಆ ಮೀಸ್ಯಾಂವಗ ಹೇಳ್ರಿ" ಎಂದರು. ಅಷ್ಟೇ ನೋಡಿ, ಅಂದಿನಿಂದ ಭಾನುವಾರ ಸಂಜೆ ಗೋಡೆಯ ಕೆಲಸ ಹೋಯಿತು. ಕಣ್ಣಿಗೆ ಹಾಕುವ ಚಾಳೇಶ ಎಲ್ಲಿ ಎಂದು ಅಜ್ಜ ಕೇಳಿದರೆ ಕತ್ತೆ ಉತ್ತರಿಸುತ್ತಿತ್ತು. ಒಮ್ಮೆ ಮಗ ಹುಕ್ಕೇರಿಯಿಂದ ಹೊಸ ಸ್ಪೀಕರ್ ತಂದು ಹಾಕಿಸಿ ಎದೆಯುಬ್ಬಿಸಿ ನಿಂತ. ಗೊಂಬೆಗಳು ಹಿಂದಿಯಲ್ಲಿ ಗಳಗಳ ಮಾತಾಡಿದವು. ನಾವು ಬಿಕ್ಕಿದೆವು. ಕಟ್ಟೆಯಿಂದ ಅಜ್ಜನ ದನಿ: "ಯಾರವರು ಹೊಸಬರು? ಬಂದ್ ಮಾಡು ಆ ದನಿ. ನಮ್ಮ ಗೊಂಬಿ ಮಾತಾಡ್ಲಿ."

ಆ ಚಳಿಗಾಲದಲ್ಲೇ ಮೂಡಲಗಿಯ ಒಂದು ಬಾಲವಾಡಿಯಿಂದ ಕಾಕುಗೆ ಕರೆ ಬಂತು. ಮಕ್ಕಳಿಗೆ ಕಲಿಸಲು ಬರುತ್ತೀರಾ ಎಂದು ಕೇಳಿದ್ದರು. ಕಾಕುನ ಮುಖ ನೋಡಬೇಕಿತ್ತು. ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದಳು. ಗಂಡನಿಗೆ ಹೇಳಿದರೆ ಅವನು ಅಭ್ಯಾಸಬಲದಿಂದ ಹೂಂ ಎಂದು, ಕೂಡಲೇ, "ಆದ್ರ ಅಪ್ಪಾರನ್ನ ಕೇಳು" ಎಂದು ಹುಕ್ಕೇರಿ ಬಸ್ಸು ಹತ್ತಿದ. ಕೇಳುವುದು ಹೇಗೆ? ಆ ಮನೆಗೆ ಬಂದು ಇಷ್ಟು ವರ್ಷವಾದರೂ ಮಾವನೆದುರು ತನ್ನ ದನಿಯಲ್ಲಿ ಆಕೆ ಬಾಯಿ ತೆರೆದಿರಲಿಲ್ಲ. ಉಳಿದದ್ದು ಒಂದೇ ದಾರಿ.

ಮೊದಲ ಭಾನುವಾರ ಬೊಚ್ಚುಬಾಯಿ ಅಜ್ಜಿ ಮೀಸೆ ಮಾಮಾನ ಮುಂದೆ ವಿಷಯ ಇಟ್ಟಳು. "ಮಾಮಾ, ನನಗ ಮೂಡಲಗಿ ಬಾಲವಾಡ್ಯಾಗ ಕಲಸಾಕ ಕರದಾರ. ಹೋಗ್ಲೇನು?"

ಕಟ್ಟೆಯಿಂದ ಉತ್ತರ ಬಂತು. "ಹಲ್ಲಿಲ್ಲದ ಮುದುಕಿಗೆ ಈ ವಯಸ್ಸಿನ್ಯಾಗ ನೌಕರಿ ಯಾಕಂತ ಕೇಳ್ರಿ."

ನಾವು ನಕ್ಕೆವು. ಕಾಕು ನಗಲಿಲ್ಲ. ಮುಂದಿನ ಭಾನುವಾರ ಕತ್ತೆಯನ್ನು ಬಿಟ್ಟಳು. ಕತ್ತೆ, ಕರೆದದ್ದು ಅಜ್ಜಿಯನ್ನಲ್ಲ ನನ್ನನ್ನೇ ಎಂದಿತು. ಅಜ್ಜ ಬಹಳ ಹೊತ್ತು ಮಣಿ ಎಣಿಸಿ, "ಕತ್ತಿ ಸಂಜಿ ಬಸ್ಸು ತಪ್ಪಿಸ್ಕೊಂಡ್ರ, ಹೊತ್ತು ಮುಳಗೂದ್ರಾಗ ಅಡಗಿ ಮಾಡಾವ್ರ ಯಾರಂತ?" ಎಂದರು.

ಬಂತಲ್ಲ ಹೊರಗೆ! ಮನೆತನ, ಮರ್ಯಾದೆ ಏನೂ ಅಲ್ಲ, ಮುದುಕನ ಚಿಂತೆ ಊಟದ್ದು. ಕಾಕುನ ಕಣ್ಣು ಮಿನುಗಿದವು. ಆದರೆ ಮೂಡಲಗಿಯವರು ಸೋಮವಾರ ಬೆಳಿಗ್ಗೆ ಬಂದು ಸೇರಿಕೊಳ್ಳದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಉಳಿದದ್ದು ಇನ್ನೊಂದೇ ಭಾನುವಾರ.

ಆ ಭಾನುವಾರ ಪಡಸಾಲೆಯಲ್ಲಿ ಯಾರೂ ಗೊಂಬೆ ನೋಡಲು ಬಂದಿರಲಿಲ್ಲ, ಕಾಕುನ ನೌಕರಿ ನೋಡಲು ಬಂದಿದ್ದರು. ಮಕ್ಕಳ ಹಿಂದೆ ತಾಯಂದಿರೂ ನಿಂತಿದ್ದರು. ಕಾಕು ನಾಲ್ಕಕ್ಕೇ ಅಡುಗೆ ಮುಗಿಸಿ ತಾಟು ಹಾಕಿ ಮುಚ್ಚಿಟ್ಟಿದ್ದಳು. ಮೀಸೆ ಮಾಮಾ ಪರದೆಗೆ ಬಂದದ್ದೇ ತಡ, ಶುರು ಮಾಡಿದಳು: "ಕೇಳ್ರಿ ಹಿರ್ಯಾರ! ಮುಂಜಾನೆ ಎದ್ದು ಅರ್ಧಾ ಅಡಗಿ ಮಾಡಿಟ್ರ ಸಂಜಿಕ ಎಷ್ಟೊತ್ತಿನ ಕೆಲಸ? ಮೂಡಲಗಿ ಬಸ್ಸು..."

ಟುಪ್ಪೆಂದು ಕರೆಂಟ್ ಹೋಯಿತು. ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು ಅದೂ ಆರಿತು.

ಕಾಕುನ ಕೈ ಗಾಳಿಯಲ್ಲೇ ನಿಂತಿತ್ತು. ಎಲ್ಲರೂ ಆಕೆಯನ್ನು ನೋಡಿದೆವು. ನಾನು ಸೆರಗು ಜಗ್ಗಿ, "ಕಾಕು, ಮುಂದಿಂದ ಹೇಳ್ರಿ" ಎಂದೆ. "ಗೊಂಬಿ ಇಲ್ಲಲ್ಲವಾ" ಎಂದಳು ಕಾಕು, ಅಳುವ ದನಿಯಲ್ಲಿ. ಊರನ್ನೆಲ್ಲ ಕುಣಿಸುವ ಬಾಯಿ, ಕರೆಂಟ್ ಹೋದ ಕೂಡಲೇ ಒಣಗಿಹೋಗಿತ್ತು. ಹೊರಗೆ ಬಿಸಿಲು ಕಟ್ಟೆಯಿಂದ ಕೆಳಗಿಳಿಯುತ್ತಿತ್ತು.

ಜಪಮಾಲೆಯ ಸದ್ದು ನಿಂತಿತು. "ಯಾಕ?" ಎಂದರು ಅಜ್ಜ, ಮತ್ತೆ ಗೋಡೆಗೆ. "ಗೊಂಬಿ ಕರೆಂಟ್ ಇದ್ರಷ್ಟ ಮಾತಾಡ್ತಾವೇನು?"

ಕಾಕು ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲ ತನಕ ಹೋಗಿ ಬಾಗಿಲ ಚೌಕಟ್ಟು ಹಿಡಿದಳು. ಬಂದದ್ದು ಮೀಸೆ ಮಾಮಾನ ದನಿಯಲ್ಲ, ಕತ್ತೆಯದೂ ಅಲ್ಲ. ಸಣ್ಣಗಿನ, ಆ ಕಟ್ಟೆಗೆ ಎಂದೂ ಕೇಳಿಸಿರದ, ಕಾಕುನದೇ ದನಿ.

"ಮಾವಾರ, ನನಗ ಹೋಗಬೇಕು ಅನಸೈತ್ರಿ. ಐದರ ಬಸ್ಸಿಗೆ ಬರ್ತೇನ್ರಿ. ನಿಮ್ಮ ಊಟ ಒಂದ ದಿನಾನೂ ತಪ್ಪಸೂದಿಲ್ರಿ."

ಅಜ್ಜ ಆಕೆಯ ಕಡೆ ತಿರುಗಲಿಲ್ಲ. ಎದ್ದು, ಅಷ್ಟು ಮಂದಿಯ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿ ತಾಟಿನ ಮುಂದೆ ಕೂತರು. ಉಂಡರು. ಪುಣ್ಯಾತ್ಮ, ರೊಟ್ಟಿಯ ಒಂದೊಂದು ತುಣುಕನ್ನೂ ಎಷ್ಟು ಅಗಿದರೆಂದರೆ ನನಗೆ ಹೋಗಿ ಬಾಯಿಗೆ ತುರುಕಿಬಿಡಲೇ ಎನಿಸಿತು. ಕೈ ತೊಳೆದರು, ಬಾಯಿ ಒರೆಸಿಕೊಂಡರು, ಕತ್ತಲೆಯಾದ ಟೀವಿಯ ಮುಂದೆ ಬಂದು ನಿಂತರು.

"ಪಲ್ಲೆಕ ಉಪ್ಪು ಕಡಿಮಿ ಐತಿ" ಎಂದರು. "ನಾಳಿ ಮೂಡಲಗಿಗೆ ಹೋಗಿ ಬಂದ ಮ್ಯಾಲೆ ಬರೋಬ್ಬರಿ ಹಾಕಂತ ಹೇಳ್ರಿ" ಎಂದರು.

ಓಣಿ ಕಿತ್ತುಹೋಗುವ ಹಾಗೆ ಕೂಗಿದೆವು. ಕಾಕು ಹೊಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ಗೊಂಬೆಗಳು ತಮ್ಮಷ್ಟಕ್ಕೆ ಬಾಯಿ ಅಲ್ಲಾಡಿಸುತ್ತಿದ್ದವು, ನೋಡುವವರೇ ಇರಲಿಲ್ಲ.

ಆ ವಾರದಲ್ಲೇ ಅಜ್ಜ ಯಾವುದೋ ಕೆಲಸಕ್ಕೆ ಗೋಕಾಕದ ಪೇಟೆಗೆ ಹೋಗಿದ್ದರು. ಬರುವಾಗ ಕಾಗದದಲ್ಲಿ ಸುತ್ತಿದ ಒಂದು ಗೋಕಾಕದ ಕಟ್ಟಿಗೆಯ ಗೊಂಬೆ ತಂದರು. ಪೈಲ್ವಾನನ ಗೊಂಬೆ, ಹುರಿ ಮಾಡಿದ ಕರಿ ಮೀಸೆ. ನನ್ನ ಕೈಗೆ ಕೊಟ್ಟು ಗೋಡೆಗೆ ಹೇಳಿದರು: "ಆ ಬಾಲವಾಡ್ಯಾಗ ಕರೆಂಟ್ ಇಲ್ಲಂತ ಕೇಳೇನಿ. ಇದನ್ನ ಒಯ್ಯಂತ ಹೇಳ್ರಿ. ಇದಕ ಕರೆಂಟ್ ಬೇಕಾಗಂಗಿಲ್ಲ."

ಆ ಪೈಲ್ವಾನ ಬೆಳಿಗ್ಗೆ ಕಾಕುನ ಚೀಲದಲ್ಲಿ ಮೂಡಲಗಿಗೆ ಹೋಗುತ್ತಿದ್ದ, ಸಂಜೆ ಐದರ ಬಸ್ಸಿಗೆ ಬಂದು ಕಲ್ಲೋಳಿಯ ಟೀವಿಯ ಮೇಲೆ ಕೂರುತ್ತಿದ್ದ. ಮುಂದೆ ಕೇಬಲ್ ಬಂತು, ಬಣ್ಣದ ಟೀವಿ ಬಂತು, ಭಾನುವಾರದ ಗೊಂಬೆಗಳು ನಿಂತೇ ಹೋದವು. ಕಾಕುಗೆ ಒಬ್ಬ ಮಗಳೂ ಹುಟ್ಟಿದಳು. ಮಾವ-ಸೊಸೆ ಮತ್ತೆಂದೂ ನೇರ ಮಾತಾಡಲಿಲ್ಲ. ಏನಿದ್ದರೂ ಪೈಲ್ವಾನನ ಮುಖಾಂತರ. ಅಜ್ಜ ಹೋದದ್ದು ನಾನು ಕಾಲೇಜು ಮುಗಿಸಿದ ವರ್ಷ. ಕೊನೆಯ ದಿನಗಳಲ್ಲಿ ಅವರ ಹಾಸಿಗೆಯ ಪಕ್ಕದಲ್ಲಿ ಕೂತು ಪೈಲ್ವಾನ ಇಡೀ ಮೂಡಲಗಿಯ ಸುದ್ದಿ ಹೇಳುತ್ತಿದ್ದನಂತೆ.

ಮೊಬೈಲಿನ ವಿಡಿಯೋ ನೋಡಿ ಸಿಟ್ಟು ಬಂದದ್ದಕ್ಕೆ ಕಳೆದ ಭಾನುವಾರ ನಾನೀಗಿರುವ ಗೋಕಾಕದಿಂದ ಬಸ್ಸು ಹತ್ತಿ ಕಲ್ಲೋಳಿಗೆ ಹೋದೆ. ಕಾಕುಗೆ ಈಗ ಮೊಣಕಾಲು ನೋವು, ಬಾಲವಾಡಿ ಬಿಟ್ಟು ಕೆಲವು ವರ್ಷಗಳಾದವು. ಅಜ್ಜ ಕೂರುತ್ತಿದ್ದ ಕಟ್ಟೆಯ ಮೇಲೇ ಕೂತಿದ್ದಳು. ಪೈಲ್ವಾನ ಕಿಟಕಿಯಲ್ಲಿದ್ದ, ಮೀಸೆಯ ಬಣ್ಣ ಮಕ್ಕಳ ಕೈಯಲ್ಲಿ ಸವೆದು ಹೋಗಿತ್ತು. ವಿಡಿಯೋ ಹಚ್ಚಿ ಕೈಗೆ ಕೊಟ್ಟೆ.

"ಅಯ್ಯ ನನ್ನವ್ವ, ಮೀಸಿ ಕೆಂಪ ಐತಲ್ಲ!" ಎಂದಳು. ಸ್ವಲ್ಪ ಹೊತ್ತು ಹಿಂದಿ ಕೇಳಿಸಿಕೊಂಡಳು. ಮುಖ ಕಿವುಚಿದಳು. "ಇದರ ದನಿ ಎಲ್ಲಿ ಬಂದ್ ಮಾಡೂದವಾ?"

ಬಂದ್ ಮಾಡಿಕೊಟ್ಟೆ. ಕಾಕು ಗಂಟಲು ಸರಿಮಾಡಿಕೊಂಡಳು. ಕತ್ತೆ ನನ್ನನ್ನು ನೋಡಿ, "ಯಾಕ ಗೋಕಾಕದವ್ರ, ಒಬ್ಬಾಕೀನ ಬಂದಿ? ಮೆಂತೆ ಟ್ರಂಕು ಎಲ್ಲಿ ಬಿಟ್ಟಿ?" ಎಂದಿತು. ನಾನು ನಕ್ಕು ಕಣ್ಣೊರೆಸಿಕೊಂಡೆ. ಅಂತೂ ನಾಲ್ಕು ಹನಿ ಬಂದವು.

ಹೊತ್ತು ಇಳಿಯುತ್ತಿತ್ತು. ಪರದೆಯ ಮೇಲೆ ಮೀಸೆ ಮಾಮಾ ಬಂದು ಕೈ ಬೀಸಿದ. ಕಾಕು ಅವನನ್ನು ನೋಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಅಜ್ಜ ದಿನಾ ನೋಡುತ್ತಿದ್ದ ಆ ಗೋಡೆಯ ಕಡೆ ತಿರುಗಿ, ಅದೇ ಗಡಸು ದನಿಯಲ್ಲಿ ಹೇಳಿದಳು:

"ತಾಟು ಹಾಕೇತ್ರಿ ಹಿರ್ಯಾರ, ಬರ್ರಿ. ಇವತ್ತ ಉಪ್ಪು ಬರೋಬ್ಬರಿ ಐತಿ."